ನೀರುಗಂಟಿಯ ಬೆಕ್ಕು

ನಸುಕಿನ ನಾಲ್ಕಕ್ಕೆ ನಾನು ಕೀಲಿ ತಿರುವಿದರೆ
ಸೀಗೆಹಟ್ಟಿಗೆ ನೀರು.
ಎರಡು ಗುಂಡಿ ದಾಟಿ ಇನ್ನೊಂದು ತಿರುವಿದರೆ ಹೊಸಮನೆಗೆ.
ಎದೆಯುದ್ದದ ಕಬ್ಬಿಣ, ಹೆಗಲ ಮೇಲೆ ಅದು ಕಟ್ಟಿದ ಗಂಟು,
ಇಪ್ಪತ್ತಾರು ವರ್ಷ.
ಕತ್ತಲಲ್ಲೇ ಹೇಳಬಲ್ಲೆ
ಯಾವ ಬೀದಿಯಲ್ಲಿ ಕೊಡಗಳು ಗುದ್ದಾಡುತ್ತಿವೆ,
ಯಾವ ಬೀದಿಯ ನಲ್ಲಿ ಇನ್ನೂ ಗಾಳಿ ಉಗುಳುತ್ತಿದೆ.
ಮೊದಲು ಕಂಡವರು ಕೂಗುತ್ತಾರೆ, "ಬಂತೂ!"
ಆಮೇಲೆ ಇಡೀ ಕೇರಿ ಎದ್ದು ಕೂರುತ್ತದೆ.

ಊರಿಗೆಲ್ಲ ಕುಡಿಸಿದವನ ಮನೆಯಲ್ಲಿ
ಬೆಕ್ಕೊಂದು ನೀರು ಮುಟ್ಟುವುದಿಲ್ಲ.

ಹೆಸರು ಜೀರಿಗೆ. ಬಣ್ಣವೂ ಅದೇ, ತುಸು ಹುರಿದದ್ದು.
ಯುಗಾದಿ ಕಳೆದ ವಾರ ಮರಳಿನ ಡಬ್ಬದಲ್ಲಿ
ಕೂತ, ಎದ್ದ, ಕೆರೆದ, ಮತ್ತೆ ಕೂತ.
ಒಂದು ಹನಿ ಇಲ್ಲ. ಆಮೇಲೆ ಅರಚಿದ.
ಆ ದನಿ ನನಗೆ ಗೊತ್ತು,
ಕಟ್ಟಿಕೊಂಡ ಪೈಪು ಹಾಗೇ ನರಳುತ್ತದೆ.

ತರಕಾರಿ ಚೀಲದಲ್ಲಿ ತಲೆ ಮಾತ್ರ ಹೊರಗಿಟ್ಟು
ಸ್ಕೂಟರಿನಲ್ಲಿ ಪಶು ಆಸ್ಪತ್ರೆಗೆ.
ಡಾಕ್ಟರ್ ವಿಲ್ಮಾ ಎಳೆಯಂಥ ನಳಿಕೆ ಹಾಕಿ
ಹಿಟ್ಟಿನಂಥ ಮರಳು ತೆಗೆದು ತೋರಿಸಿದರು.
"ಲೈನು ಬ್ಲಾಕಾಗಿತ್ತು ಚೌಡಪ್ಪ, ನಿಮಗೆ ನಾನು ಹೇಳಬೇಕಾ?
ನೀರು ಹೋಗಲಿ ಇವನಿಗೆ. ಹೇಗಾದರೂ ಹೋಗಲಿ."

ಗಂಗಾ ಸ್ನಾನ ತುಂಗಾ ಪಾನ ಅಂದರು ಹಿರಿಯರು,
ಬೆಕ್ಕಿಗೆ ಎರಡೂ ಬೇಡ.
ಸ್ಟೀಲು ಬಟ್ಟಲಿಟ್ಟೆ: ಮೀಸೆ ಅಂಚಿಗೆ ತಾಗಿತೆಂದು ಹಿಂದೆ ಸರಿದ.
ಅಗಲ ಬಾಯಿಯ ಮಣ್ಣಿನ ಬೋಗುಣಿ ತಂದೆ:
ಒಂದು ಪಾದ ಅದ್ದಿ, ಕೊಡವಿ, ನನ್ನ ಮುಖ ನೋಡಿದ.
ಊಟದ ಪಕ್ಕ ಬೇಡವೆಂದಿದ್ದರು, ಕಿಟಕಿಯ ಹತ್ತಿರ ಇಟ್ಟೆ:
ಇರುವೆಗಳು ಬಂದು ಮುಳುಗಿ ಸತ್ತವು.
ಬ್ಲೀಚಿಂಗ್ ವಾಸನೆಯಿರಬಹುದೆಂದು ಕಾಯಿಸಿ ಆರಿಸಿದೆ.
"ನನಗೆ ಜ್ವರ ಬಂದಾಗ ಹೀಗೆ ಕಾಯಿಸಿದ್ದಿರಾ?"
ಹಾಲಮ್ಮ ಕೇಳಿದಳು.
ಉತ್ತರ ಹೊಳೆಯದೆ ಅವಳಿಗೂ ಒಂದು ಲೋಟ ಕೊಟ್ಟೆ.

ಉಪ್ಪು ಖಾರ ಹಾಕದೆ ಮೀನಿನ ತಲೆ ಬೇಯಿಸಿ
ಆ ನೀರು ಕೊಡಿ ಅಂದಳು ಸಂತೆಯ ಮುಮ್ತಾಜಬಿ.
ಮೊದಲ ದಿನ ಬಟ್ಟಲನ್ನೇ ನೆಕ್ಕಿ ಅಟ್ಟಾಡಿಸಿದ.
ಎರಡನೇ ದಿನ ಮೂಸಿದ.
ಮೂರನೇ ದಿನ ಮೇಲೆ ಮರಳೆಳೆಯುವಂತೆ
ಬರೀ ನೆಲ ಕೆರೆದು ಹೋದ.

ಎಷ್ಟು ಮನೆಗಳ ಮುಂದೆ ನಿಂತು ಬೈದಿದ್ದೇನೆ ನಾನು,
ತೊಟ್ಟಿಕ್ಕುವ ನಲ್ಲಿ ಕಂಡರೆ ಸೈಕಲ್ಲಿಂದ ಇಳಿದು:
"ಒಂದು ಹನಿ ತಾನೇ ಅನ್ನಬೇಡಿ ತಾಯಿ,
ಬೆಳಗಾದರೆ ಒಂದು ಬಕೀಟು!"
ನಮ್ಮ ಬಚ್ಚಲ ನಲ್ಲಿಯ ವಾಷರು ಸವೆದಿತ್ತು, ನಾಚಿಕೆಗೇಡು.
ಹೊಸದು ತಂದು, ಸ್ಪಾನರು ಹಿಡಿದು ದೀಪ ಹಾಕಿದರೆ
ನಲ್ಲಿಯ ಕೆಳಗೆ ಜೀರಿಗೆ.
ಕತ್ತು ಓರೆ, ಕಣ್ಣು ಅರ್ಧ,
ಹನಿ ಊದಿ ಊದಿ ತುದಿಗೆ ಬರುವುದನ್ನು ಕಾಯುತ್ತಾನೆ.
ಬೀಳುವ ಗಳಿಗೆ ಸರಿಯಾಗಿ ನಾಲಿಗೆ.
ಮತ್ತೆ ಕಾಯುತ್ತಾನೆ.
ನಿಂತ ನೀರಲ್ಲಿ ಏನು ಹೆದರಿಕೆಯೋ ಅವನಿಗೆ.
ಎಣಿಸಿದೆ. ನಲವತ್ತರ ಮೇಲೆ ಎಣಿಕೆ ತಪ್ಪಿತು.

ವಾಷರು ಜೇಬಿನಲ್ಲೇ ಉಳಿಯಿತು.
ಸ್ಪಾನರಿನಿಂದ, ಆಚೀಚೆ ನೋಡಿ,
ಕಾಲು ಸುತ್ತು ಇನ್ನೂ ಸಡಿಲಿಸಿದೆ.
ಕೆಳಗೊಂದು ಬಕೀಟಿಟ್ಟೆ, ಅಷ್ಟು ಮರ್ಯಾದೆ ಬೇಡವೇ.

ಆಫೀಸಿನ ಪುಸ್ತಕದಲ್ಲಿ ದಿನಾ ಬರೆಯುತ್ತೇನೆ
ಯಾವ ಟ್ಯಾಂಕು, ಎಷ್ಟು ಅಡಿ, ಎಷ್ಟು ಗಂಟೆ.
ಇದಕ್ಕೆ ಅದರಲ್ಲಿ ಕಾಲಮ್ಮಿಲ್ಲ.

ಈ ಹೊತ್ತು ಕೀಲಿ ಹೆಗಲಿಗೇರಿಸುವ ಮುಂಚೆ
ಟಾರ್ಚು ಹಾಕಿ ಮರಳು ನೋಡಿದೆ.
ಒದ್ದೆ. ಕೈಯಿಟ್ಟು ಅಳೆದೆ, ಅಂಗೈಯಗಲ,
ಬೆರಳೂ ಸೇರಿಸಬಹುದು.
"ಬಂತೂ!" ಕೂಗಿಬಿಟ್ಟೆ, ತಡೆಯಲಾಗಲಿಲ್ಲ.
ಹಾಲಮ್ಮ ನಿದ್ದೆಗಣ್ಣಲ್ಲೇ ದಡಬಡಿಸಿ ಎದ್ದು
ಕೊಡ ಹಿಡಿದು ಬಂದು ನಿಂತಳು.