ಹನ್ನೊಂದು ಹರಳು

ದಾರಿ ಕೇಳಿದೆಯಲ್ಲ, ಹೇಳುತ್ತೇನೆ. ಮೊದಲು ಗಾಳಿ ಇಳಿಸು.
ಇಷ್ಟು ಬಿಗಿಯಿದ್ದರೆ ಗರಸಿನ ಮೇಲೆ ಚಕ್ರ
ಬಾಣಲೆಯ ಸಾಸಿವೆ ಹಾಗೆ ಸಿಡಿಯುತ್ತದೆ.
ಹೆಬ್ಬೆರಳಲ್ಲಿ ಒತ್ತಿ ನೋಡು,
ಸಿಪ್ಪೆ ಸಡಿಲವಾದ ಕಿತ್ತಳೆಯಷ್ಟು ಮೆತ್ತಗಿರಬೇಕು.
ಹಾಂ, ಸಾಕು.

ಸಿದ್ದಾಪುರದ ಬಸ್ಸು, ಮರದ ಲಾರಿ, ಜೀಪುಗಳ ಹಾರನ್ನು
ಪೆಟ್ರೋಲ್ ಬಂಕಿನವರೆಗೆ ಮಾತ್ರ ಬೆನ್ನು ಹತ್ತುತ್ತವೆ.
ಕರಡಿಗೋಡಿನ ಕಡೆ ಇಳಿ. ಟಾರು ಮುಗಿಯುವಲ್ಲಿ
ಎಸ್ಟೇಟಿನ ಹಳೇ ಗೇಟು; ಬೀಗವಿದೆ, ಬೇಲಿಯಿಲ್ಲ.
ಅಲ್ಲಿಂದ ಹೊಳೆಯ ಪಕ್ಕ ಒಂಬತ್ತು ಮೈಲಿ
ಗಾಡಿ ಎನ್ನುವಂಥದ್ದು ಒಂದೂ ಸಿಗುವುದಿಲ್ಲ.

ಕಲ್ಲಿನ ಬಣ್ಣ ನೋಡಿಕೊಂಡು ಹೋಗು.
ಮೊದಲು ಕೆಂಪು ಗರಸು, ಮೆಣಸಿನಪುಡಿಯಂತೆ ಕಾಲಿಗೆ ಹತ್ತುತ್ತದೆ.
ಆಮೇಲೆ ಬೂದು ಜಲ್ಲಿ, ಯಾವುದೋ ಸೇತುವೆಗೆಂದು ತಂದು ಸುರಿದು
ಸೇತುವೆ ಬಾರದೆ ಇಲ್ಲೇ ನೆಲಕಚ್ಚಿದ್ದು.
ಕೊನೆಗೆ ಹೊಳೆಯೇ ಉರುಳಿಸಿ ಬಿಟ್ಟ ಕಲ್ಲು, ಕೋಳಿಮೊಟ್ಟೆಯ ನಯ;
ಅಲ್ಲಿ ಬ್ರೇಕು ಮುಟ್ಟಬೇಡ, ಹ್ಯಾಂಡಲ್ಲು ಹೇಳಿದ್ದು ಕೇಳು.

ನಡುವೆ ಒಂದು ಕಡಂಗ ಅಡ್ಡ ಬರುತ್ತದೆ,
ಯಾವ ಕಾಲದ ಯಾವ ಜಗಳಕ್ಕೋ ತೋಡಿದ್ದು.
ಈಗ ತಳದಲ್ಲಿ ಜರಿಗಿಡ, ಎರಡು ಬದಿ ಬಿದಿರು.
ಇಳಿದು, ಸೈಕಲ್ಲು ಹೊತ್ತು ದಾಟು.
ಗೆದ್ದವರೂ ಸೋತವರೂ ಹಾಗೇ ದಾಟಿರಬೇಕು, ಏನನ್ನಾದರೂ ಹೊತ್ತು.

ಆಚೆ ದೇವರಕಾಡು. ಅಲ್ಲಿ ಬಿಸಿಲು
ಚಿಲ್ಲರೆಯಾಗಿ ಬೀಳುತ್ತದೆ, ಐದು ಪೈಸೆ, ಹತ್ತು ಪೈಸೆ.
ಮಂಗಟ್ಟೆ ಮೇಲೆ ಹಾರಿದರೆ ನನ್ನ ಪಂಪಿನದೇ ಸದ್ದು.

ಈಗ ಮುಖ್ಯದ ಮಾತು.
ನಿನ್ನ ಸೈಕಲ್ಲು ತುಂಬ ಒಳ್ಳೆಯದು, ಅದೇ ತೊಂದರೆ.
ಚೈನು ಎಣ್ಣೆ ಕುಡಿದು ಮಲಗಿದೆ, ಉಸಿರೂ ಇಲ್ಲ.
ನಿಶ್ಶಬ್ದ ಕೇಳಲು ಬಂದೆ ಅಂದೆಯಲ್ಲ,
ಕೇಳು, ಆದರೆ ನೀನೇ ನಿಶ್ಶಬ್ದವಾಗಬೇಡ.
ತಿರುವಿನಾಚೆ ಹಲಸಿನ ಬುಡದಲ್ಲಿ
ಮರಿ ಕಟ್ಟಿಕೊಂಡು ನಿಂತವಳಿಗೆ
ಬರುತ್ತಿರುವುದು ಯಾರೆಂದು ಮೊದಲೇ ತಿಳಿಯಬೇಕು.
ಅವಳ ಅಂಗಳ ಅದು.
ಕೆಮ್ಮಿ ಒಳಗೆ ಕಾಲಿಡುವುದು ಮರ್ಯಾದೆ.

ಇದು ರೈಟರ್ ಬೆಳ್ಯಪ್ಪನವರ ಡಬ್ಬಿ.
ಮೂವತ್ತೊಂದು ವರ್ಷ ಸಂಬಳದ ಪುಸ್ತಕ ಹೊತ್ತು
ಲೈನ್ ಮನೆಯಿಂದ ಲೈನ್ ಮನೆಗೆ ಇದೇ ದಾರಿ ತುಳಿದವರು.
ಹಾಲಿನಪುಡಿಯ ಡಬ್ಬಿ, ಒಳಗೆ ಹೊಳೆಯ ಹರಳು ಹನ್ನೊಂದು.
ಹತ್ತಾದರೆ ಟೊಳ್ಳು, ಹನ್ನೆರಡಾದರೆ ಗಂಟಲು ಕಟ್ಟುತ್ತದೆ ಅನ್ನುತ್ತಿದ್ದರು.
ಕ್ಯಾರಿಯರ್ ಇಲ್ಲವಾ ಇದಕ್ಕೆ?
ಸೀಟಿನಡಿ ಕಟ್ಟುತ್ತೇನೆ, ಹಿಡಿ.

*

ನಕ್ಕಳು. ಗಲಗಲ ಎನ್ನಿಸುತ್ತ ಬಂಕು ದಾಟಿ ಇಳಿದಳು.
ಬಸ್ಸಿಗೆ ಕಾದವರೆಲ್ಲ ತಿರುಗಿ ನೋಡಿದರು.

ಸಂಜೆ ಬಂದಾಗ ಮೊಣಕಾಲವರೆಗೆ ಕೆಂಪು,
ಕೂದಲಲ್ಲಿ ಬಿದಿರೆಲೆ,
ಸೀಟಿನಡಿ ನಾನು ಬಿಗಿದ ತಂತಿ ಮಾತ್ರ.
ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.
ಚಹಾ ಕುಡಿದಳು, ಎರಡು ಲೋಟ. ಹೋದಳು.

ಬಿದ್ದಿರಬೇಕು.
ಬೆಳ್ಯಪ್ಪನವರು ಕೇಳಿದರೆ ಏನು ಹೇಳಲಿ?
ಕಿವಿ ಕೇಳದಿದ್ದರೂ ಕೇಳುವವರು ಅವರು.

ಶುಕ್ರವಾರ ನಮಾಜು ಮುಗಿಸಿ ಅಂಗಡಿ ಮುಚ್ಚಿ
ನಾನೇ ಇಳಿದೆ, ಸಡಿಲ ಮಡ್‌ಗಾರ್ಡು ಬಡಿಸುತ್ತ.
ಗೇಟಿನ ಹತ್ತಿರ ಇಲ್ಲ. ಜಲ್ಲಿಯಲ್ಲಿ ಇಲ್ಲ.
ಕಡಂಗದೊಳಗೆ ಇಳಿದು ಜರಿಗಿಡ ಸರಿಸಿದೆ,
ಒಂದು ಕಪ್ಪೆ, ಯಾರದೋ ಒಂಟಿ ಚಪ್ಪಲಿ.

ಹೊಳೆಗಲ್ಲಿನ ಮೇಲೆ ಕಾಲೂರಿ ನಿಂತಿದ್ದೆ,
ನಾಲ್ಕು ಗಂಟೆ ದಾಟಿತ್ತು,
ಶಾಲೆಯ ದಿಕ್ಕಿನಿಂದ, ಕಾಫಿ ಗಿಡಗಳ ಒಳಗೆ,
ಗಲ್, ಗಲ್.
ಚಕ್ರದ ಲಯವಲ್ಲ, ನಡಿಗೆಯದು.
ಚಿಕ್ಕ ಹೆಜ್ಜೆ, ನಡುನಡುವೆ ಕುಂಟಾಬಿಲ್ಲೆ.
ಎಣಿಸಬೇಕಿರಲಿಲ್ಲ. ಹನ್ನೊಂದೇ.

ಗಿಡದ ಮೇಲೆ ತಲೆ ಕಾಣದಷ್ಟು ಗಿಡ್ಡ ಯಾರೋ
ಲೈನ್ ಮನೆಗೆ ಹೊರಟಿದ್ದರು.
ನಾನು ಒಂದು ಸಲ ಬೆಲ್ಲು ಹೊಡೆದೆ.

ಸದ್ದು ನಿಂತಿತು.
ಯೋಚಿಸಿತು.
ಆಮೇಲೆ, ಬೇಕೆಂದೇ, ಜೋರಾಗಿ ಕುಲುಕಿತು.