ನಲವತ್ತೊಂದು ಮೆಟ್ಟಿಲು

ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಿದ್ದ ಹುಡುಗ,
ಮೆಟ್ಟಿಲ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು.
ಹದಿನಾಲ್ಕು ವರ್ಷ. ಹೆಸರು ಉಚಾ.
ಕುತಾಯಿಸಿಯ ಈ ಹಳೆ ಕಟ್ಟಡಕ್ಕೆ ಲಿಫ್ಟ್ ಇದೆ,
ಅದು ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ.
ಮಂಡಿ ನೋವಿನ ಮಕ್ಕಳಿಗೆ ಮೂರನೇ ಮಹಡಿ ಕೊಟ್ಟ
ಮಹಾನುಭಾವ ಯಾರೋ, ಅವನ ಮಂಡಿ ತಣ್ಣಗಿರಲಿ.

ನಮ್ಮ ಗಂಡುಮಕ್ಕಳ ಕುಣಿತವೇ ಹಾಗೆ:
ನೆಗೆದು, ಗಾಳಿಯಲ್ಲೊಂದು ಸುತ್ತು ಸುತ್ತಿ,
ಬೀಳುವುದು ಪಾದದ ಮೇಲಲ್ಲ, ಮಂಡಿಯ ಮೇಲೆ.
ಧಡ್ ಎಂಬ ಸದ್ದಿಗೆ ಅಜ್ಜಿಯರು ಚಪ್ಪಾಳೆ ತಟ್ಟುತ್ತಾರೆ.
ಉಚಾ ಏಳು ವರ್ಷದಿಂದ ಹಾಗೆ ಬಿದ್ದಿದ್ದಾನೆ.
ಕಳೆದ ವರ್ಷವೊಂದರಲ್ಲೇ ಹನ್ನೊಂದು ಸೆಂಟಿಮೀಟರ್ ಬೆಳೆದ.
ಎಲುಬು ಓಡಿತು, ಸ್ನಾಯು ಹಿಂದುಳಿಯಿತು,
ನಡುವೆ ಹಗ್ಗಜಗ್ಗಾಟ;
ಮಂಡಿಚಿಪ್ಪಿನ ಕೆಳಗೆ ಅರ್ಧ ಅಕ್ರೋಟಿನಷ್ಟು ಗಂಟು.

"ಬೆಳಕು ಸಾಕು," ಅಂದ ಮೊದಲ ದಿನ,
"ವ್ಯಾಯಾಮ ಬೇಡ."
ಅವನಮ್ಮ ಎಲ್ಲೋ ಕೇಳಿದ್ದಳು: ಲೇಸರ್ ಇಟ್ಟರೆ
ಬೆಣ್ಣೆಯಂತೆ ಕರಗುತ್ತದಂತೆ ನೋವು.
ಗಂಟಿನ ಸುತ್ತ ಪೆನ್ನಿನಿಂದ ಆರು ಚುಕ್ಕೆ ಇಟ್ಟೆ.
ಹಸಿರು ಕನ್ನಡಕ ಅವನಿಗೊಂದು, ನನಗೊಂದು.
"ಉರೀತಾ ಇದೆಯಾ?"
"ಇದೆ."
"ಕಾಣಿಸ್ತಿಲ್ಲ."
"ಕಾಣುವ ಜಾತಿಯ ಬೆಳಕಲ್ಲ ಇದು."
"ಬಿಸಿಯೂ ಇಲ್ಲ."
"ಇಲ್ಲ."
"ಮತ್ತೆ ನಂಬೋದು ಹೇಗೆ?"
ಯಂತ್ರ ಬೀಪ್ ಎಂದಿತು. ಮುಂದಿನ ಚುಕ್ಕೆಗೆ ಹೋದೆ.

ನನ್ನ ಹೆಸರು ಮ್ಜಿಯಾ. ಸೂರ್ಯನ ಹೆಸರು.
ಈ ಹಾಸ್ಯವನ್ನು ಹದಿಹರೆಯದವರು
ತಾವೇ ಮೊದಲು ಕಂಡುಹಿಡಿದಂತೆ ಹೇಳುತ್ತಾರೆ,
ಪ್ರತಿ ಚಳಿಗಾಲವೂ. ನಗುತ್ತೇನೆ.
ನಗುವುದೂ ಚಿಕಿತ್ಸೆಯ ಲೆಕ್ಕಕ್ಕೇ ಸೇರಿದ್ದು.

ಆಮೇಲೆ ಶುರು ನಿಜವಾದ ಬೇಸರ:
ಗೋಡೆಗೆ ಬೆನ್ನು ಕೊಟ್ಟು, ಇಲ್ಲದ ಕುರ್ಚಿಯ ಮೇಲೆ ಕೂರುವುದು.
ಕಾಲಿಗೆ ಮರಳಿನ ಚೀಲ ಕಟ್ಟಿ, ಚಾಚಿ ಎತ್ತಿ, ಹತ್ತು ಎಣಿಸುವುದು.
ಒಂಟಿ ಮೆಟ್ಟಿಲಿನಿಂದ ಇಳಿಯುವುದು, ನಿಧಾನ, ಇನ್ನೂ ನಿಧಾನ,
ಮಲಗಿದ ಮಗುವಿನ ಕೋಣೆಯಿಂದ ಹೊರಬರುವಂತೆ.
ಪಕ್ಕದ ಚಾಪೆಯಲ್ಲಿ ಲಿಲೆ, ಜೂಡೋ ಹುಡುಗಿ,
ಅವನಿಗಿಂತ ಐದು ಹೆಚ್ಚೇ ಎಣಿಸುತ್ತಾಳೆ, ಬೇಕೆಂದೇ.

ಉಚಾಗೆ ಹೇಳಿದೆ: ಬೆಳಕು ಡೋಲು ಬಾರಿಸುವವನು.
ಅವನಿದ್ದರೆ ಕುಣಿತ ಹಗುರ.
ಆದರೆ ಡೋಲಿನವನು ಎದ್ದು ಬಂದು ನಿನ್ನ ಬದಲು ಕುಣಿಯುವುದಿಲ್ಲ.
ಮುಖ ಆ ಕಡೆ ತಿರುಗಿಸಿದ.
ಕುಣಿತದ ಮೇಷ್ಟ್ರು ಅದೇ ವಾರ ಅವನ ಕೈಗೆ ಡೋಲು ಕೊಟ್ಟಿದ್ದರಂತೆ:
"ಮಂಡಿ ಸರಿಹೋಗುವವರೆಗೆ ಹಿಂದೆ ಕೂತು ಬಾರಿಸು."
ನನಗೆ ಗೊತ್ತಿರಲಿಲ್ಲ. ತಾಗಬಾರದ ಕಡೆ ತಾಗಿತು ಮಾತು.
ಎರಡು ವಾರ ನನ್ನೊಡನೆ ಮಾತಿಲ್ಲ;
ಮಂಚದ ಅಂಚಿನ ಮೇಲೆ ಬೆರಳು ಮಾತ್ರ
ಆರರ ತಾಳ ತಟ್ಟುತ್ತಿತ್ತು,
ಬೀಪಿಗೆ ಸರಿಯಾಗಿ ಮುಗಿಯುವಂತೆ.

ಫೆಬ್ರವರಿಯಲ್ಲಿ ಯಂತ್ರ ಕೆಟ್ಟಿತು.
ಬಿಡಿಭಾಗ ತ್ಬಿಲಿಸಿಯಿಂದ ಬರಬೇಕು.
ಫೋನ್ ಮಾಡಿ ಹೇಳಿದೆ: ಈ ವಾರ ಬೆಳಕಿಲ್ಲ.
ಬಂದ. ಹಿಮ ಮೆತ್ತಿದ ಬೂಟು ಬಿಚ್ಚಿದ,
ಅಭ್ಯಾಸಬಲಕ್ಕೆ ಹಸಿರು ಕನ್ನಡಕ ಹಾಕಿಕೊಂಡ,
ಗೋಡೆಗೆ ಬೆನ್ನು ಕೊಟ್ಟ.
ಲಿಲೆ ನಕ್ಕಳು. ತೆಗೆಯಲಿಲ್ಲ ಅವನು.
ತೊಡೆ ನಡುಗುತ್ತಿತ್ತು; ಎಪ್ಪತ್ತರವರೆಗೆ ಎಣಿಸಿದ.
"ನೋವು ಹತ್ತರಲ್ಲಿ ಎಷ್ಟು?"
"ಐದು. ಬೆಳಕಿದ್ದಾಗ ನಾಲ್ಕಿತ್ತು."
ಐದು ಎಂದೇ ಬರೆದೆ.
ಆ ಒಂದರ ಲೆಕ್ಕ ನನಗೂ ಪೂರ್ತಿ ಗೊತ್ತಿಲ್ಲ.

ಇಂದು ಗುರುವಾರ. ಯಂತ್ರ ಸರಿಯಾಗಿದೆ, ಹಿಮ ಕರಗಿದೆ.
ಉಚಾ ಇನ್ನೂ ನೆಗೆಯುತ್ತಿಲ್ಲ, ಡೋಲಿನ ಹಿಂದೆಯೇ ಇದ್ದಾನೆ.
ಬಾಗಿಲು ಎಳೆದುಕೊಂಡು ಹೊರಟ.
ಮುಂದಿನ ಮಗುವಿಗೆ ಚುಕ್ಕೆ ಇಡುತ್ತಾ
ಕಿವಿಯನ್ನು ಮೆಟ್ಟಿಲ ಮೇಲಿಟ್ಟೆ:
ಎಡ, ಬಲ, ಎಡ, ಬಲ,
ಎರಡನೇ ಮಹಡಿಯ ತಿರುವಿನಲ್ಲಿ ನಿಂತ.
ನನ್ನ ಪೆನ್ನೂ ನಿಂತಿತು.
ಬೂಟಿನ ದಾರ ಇರಬಹುದು.
ಆಮೇಲೆ ಕಂಬಿಯ ಮೇಲೆ ಬೆರಳು, ಕಬ್ಬಿಣದ ಸದ್ದು,
ಮತ್ತೆ ಕಾಲು.