ಮುರಿಯುವ ಕಡ್ಡಿ

ಏಪ್ರಿಲ್‌ನಲ್ಲಿ ಹಿನ್ನೀರು ದಿನಕ್ಕೆ ನಾಲ್ಕು ಬೆರಳು ಇಳಿಯುತ್ತದೆ.
ಮೊನ್ನೆ ಇಲ್ಲದ ಬೊಡ್ಡೆ ಇವತ್ತು ಇರುತ್ತದೆ,
ನಾಳೆ ಅದರ ತಲೆಯ ಮೇಲೆ ನೀರುಕಾಗೆ.
ಕಾಣುವ ಬೊಡ್ಡೆಯ ಮೇಲೆ ನನ್ನ ತಕರಾರಿಲ್ಲ.
ನೀರಿಗಿಂತ ಒಂದು ಗೇಣು ಕೆಳಗೆ ಕೂತಿರುತ್ತದಲ್ಲ,
ಅರವತ್ತು ವರ್ಷ ನೆನೆದರೂ ಕೊಳೆಯದ ಮತ್ತಿ,
ಅದು.

ದೋಣಿ ಮಂಗಳೂರಿನ ಕಡೆಯಿಂದ ಲಾರಿಯಲ್ಲಿ ಬಂದದ್ದು.
ಕಟ್ಟಿದವರು ಕಡಲಿನವರು.
ನಡುಹಲಗೆ ಮೂರಡಿ ಆಳಕ್ಕೆ,
ಚುಕ್ಕಾಣಿಗೆ ಎರಡು ಉಕ್ಕಿನ ಬೋಲ್ಟು.
ಕಾಡಿನ ಮೇಲೆ ಹಾಯಿ ಬಿಚ್ಚುವವರೂ ಇದ್ದಾರೆಂದು
ಅವರಿಗೆ ಯಾರು ಹೇಳಬೇಕು.

ಹೋದ ವರ್ಷ ಬಡಿದೆ.
ಬೋಲ್ಟು ಜಗ್ಗಲಿಲ್ಲ.
ಬೋಲ್ಟು ಹಿಡಿದಿದ್ದ ಹಿಂಬದಿಯೇ ಕಿತ್ತು ಬಂತು,
ಹಲ್ಲು ಕೀಳಲು ಹೋಗಿ ದವಡೆ ಕಿತ್ತ ಹಾಗೆ.
ಅರ್ಧ ಗಂಟೆ ನೀರು ಮೊಗೆದೆ, ಒಂದು ಗಂಟೆ ಹುಟ್ಟು ಹಾಕಿದೆ,
ದಡ ಸಿಕ್ಕಾಗ ಕತ್ತಲೆ.

ತಾಳಗುಪ್ಪದ ಬಸ್ತ್ಯಾಂವ್ ಮಂಚ ಮಾಡುವವನು,
ಬೇಕಾದಾಗ ಶವಪೆಟ್ಟಿಗೆಯನ್ನೂ.
ದೋಣಿ ಮುಟ್ಟಿದವನಲ್ಲ.
ಗಾಯದೊಳಗೆ ಎರಡು ಬೆರಳಿಟ್ಟು ನೋಡಿ
"ಬೋಲ್ಟು ಭಾರೀ ಗಟ್ಟಿ ಇತ್ತು ಮಾರಾಯ್ತಿ,
ಅದೇ ಹಾಳು ಮಾಡಿದ್ದು" ಅಂದ.

ನಡುಹಲಗೆ ಹಿಂದಕ್ಕೆ ಮಡಚುವ ಗೂಡಿನ ಕೊನೆಗೆ
ಸವೆದ ಹವಾಯಿ ಚಪ್ಪಲಿ ಕೊಯ್ದು ಅಂಟಿಸಿದ.
ಹಲಗೆಯ ಮುಂದಂಚಿಗೆ ಗೀರು ಕೊರೆದು
ಹಗ್ಗ ಕೂರಿಸಿ ಅಂಟು ಕುಡಿಸಿದ.
ಚುಕ್ಕಾಣಿಯ ಒಂದು ಬೋಲ್ಟು ತಿರುಗಣೆಯಾಗಿ ಉಳಿಯಿತು.
ಇನ್ನೊಂದರ ತೂತಿಗೆ
ಬಿದಿರ ಕಡ್ಡಿ,
ಊದುಬತ್ತಿಗಿಂತ ಚೂರು ದಪ್ಪ.

"ಇಷ್ಟೇನಾ?"
"ಇಷ್ಟೇ. ಮೊದಲು ಇದು ಸಾಯಬೇಕು."

ಗಾಳಿಯನ್ನು ತಡೆಯಬೇಕು, ಮರಕ್ಕೆ ಸೋಲಬೇಕು.
ಎಷ್ಟು ತೆಳು ಅನ್ನುವುದಕ್ಕೆ ಅವನಲ್ಲಿ ಲೆಕ್ಕವಿರಲಿಲ್ಲ.
ಹನ್ನೊಂದು ಸೀಳಿದ,
ಹನ್ನೊಂದನ್ನೂ ಹೆಬ್ಬೆರಳಲ್ಲಿ ಬಗ್ಗಿಸಿ ಕಿವಿಗೊಟ್ಟ,
ಐದನ್ನು ಎಸೆದ, ಒಂದನ್ನು ತೂರಿಸಿದ.
ಉಳಿದ ಐದು ಇಂಗಿನ ಡಬ್ಬಿಯಲ್ಲಿ ನನ್ನ ಕೈಗೆ ಬಂದವು.
ಅದಕ್ಕೆ ದುಡ್ಡು ತಗೊಳ್ಳಲಿಲ್ಲ,
ಹಿಂಬದಿಗೆ ತಗೊಂಡ, ಚೆನ್ನಾಗಿಯೇ ತಗೊಂಡ.

ನಿನ್ನೆ ಮಧ್ಯಾಹ್ನ ಪಡುವಣ ಗಾಳಿ.
ಮುಂದೆ ಕೂತವಳು
ಹಸಿರುಮಕ್ಕಿ ಲಾಂಚಿನವನ ಮಗಳು ಬಂಗಾರಿ.
ಅವಳು "ಅಕ್ಕಾ" ಅನ್ನುವಷ್ಟರಲ್ಲಿ
ಕಾಲಡಿ ಮೆತ್ತಗೆ ಒಂದು ಧಬ್, ಚಪ್ಪಲಿಯದು,
ಹಿಂದೆಯೇ ಟಕ್.
ಚುಕ್ಕಾಣಿ ಹಸುವಿನ ಬಾಲದಂತೆ ಎದ್ದು
ನೀರ ಮೇಲೆ ಮಲಗಿತು.
ದೋಣಿ ತನ್ನಷ್ಟಕ್ಕೆ ಗಾಳಿಗೆ ಮುಖ ತಿರುಗಿಸಿ
ಹಾಯಿ ಪಟಪಟ ಬಡಿಯುತ್ತ ನಿಂತಿತು.
ಬೈದುಕೊಳ್ಳಲು ಬಾಯಿ ತೆರೆದವಳು
ಏನೂ ಸಿಗದೆ ಮುಚ್ಚಿದೆ.

ಬಗ್ಗಿ ನೋಡಿದೆವು.
ಕಂದು ನೀರಲ್ಲಿ ಅದೇ ಬೊಡ್ಡೆ.
ಎದೆಯ ಮೇಲೆ ಹೋದ ವರ್ಷದ ನಮ್ಮ ನೀಲಿ ಬಣ್ಣ.
ಬಂಗಾರಿ ಮೊಣಕೈವರೆಗೂ ಕೈ ಇಳಿಬಿಟ್ಟು ಮುಟ್ಟಿದಳು.
"ಬೆಚ್ಚಗಿದೆ" ಅಂದಳು,
ಯಾವುದೋ ದನದ ಮೈ ಮುಟ್ಟಿದವಳ ಹಾಗೆ.

ಮೊಳೆಯಿಂದ ಮುರುಕು ದಬ್ಬಿ ಹೊಸದು ತೂರಿಸಿದೆ.
ಬೆರಳಿಗೆಲ್ಲ ಇಂಗಿನ ವಾಸನೆ.
ಡಬ್ಬಿ ಅಲ್ಲಾಡಿಸಿದರೆ ಇನ್ನು ನಾಲ್ಕು.
ಮಳೆಗೆ ಎರಡು ತಿಂಗಳಿದೆ.